ಗದ್ದಲ ಅಡಗಿಸುವ ಗುಂಯ್ ಅಕ್ಕ

ಮಾರ್ಚ್ ಹನ್ನೆರಡು, ಗುರುವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಬೀದಿಯ ಕೊನೆಯ ಮಳಿಗೆಯ ಶಟರ್ ಅರ್ಧ ಮಾತ್ರ ಎತ್ತಿದೆ. ಒಳಗೆ ಐವತ್ತಾರರ ಹೆಂಗಸೊಬ್ಬರು ಅಂಗೈಯಗಲದ ಸರ್ಕ್ಯೂಟ್ ಬೋರ್ಡಿನ ಮೇಲೆ ಹಳೆಯ ಪಾಕೆಟ್ ರೇಡಿಯೊ ಒಂದನ್ನು ನಿಧಾನವಾಗಿ ಆಡಿಸುತ್ತಿದ್ದಾರೆ. ರೇಡಿಯೊದ ಮುಳ್ಳು ಯಾವ ಸ್ಟೇಷನ್ನಿನಲ್ಲೂ ನಿಂತಿಲ್ಲ. ಬೋರ್ಡಿನ ಎಡಮೂಲೆಗೆ ಬಂದಾಗ ಅದು ದುಂಬಿಯ ಹಾಗೆ ಸದ್ದು ಮಾಡುತ್ತದೆ.

"ಇಲ್ಲೇ ಕೂತಿದೆ, ಕಳ್ಳ. ಗುಂಯ್ ಅಂತಿದೆ ನೋಡಿ."

ಕೆಟ್ಟ ಯಂತ್ರ ಯಾವುದು ಬಂದರೂ ಅವರು ಮೊದಲು ಆಡುವ ಮಾತು ಇದೇ. ಹಾಗಾಗಿ ಬೀದಿಗೆಲ್ಲ ಅವರು ಗುಂಯ್ ಅಕ್ಕ. ಪಕ್ಕದ ವೆಲ್ಡಿಂಗ್ ಅಂಗಡಿ ಶುರುವಾದರೆ ರೇಡಿಯೊದಲ್ಲಿ ಬೇರೇನೂ ಕೇಳಿಸುವುದಿಲ್ಲ. ಆದ್ದರಿಂದ ಸೂಕ್ಷ್ಮ ಕೆಲಸಗಳೆಲ್ಲ ಬೆಳಕು ಹರಿಯುವ ಹೊತ್ತಿಗೇ ಮುಗಿಯಬೇಕು.

ಇಂದಿನ ಬೋರ್ಡು ಹೆರಿಗೆ ಆಸ್ಪತ್ರೆಯದು. ಎಳೆಯ ಮಕ್ಕಳ ಕಿವಿ ಪರೀಕ್ಷಿಸುವ ಯಂತ್ರದ ಹೊಟ್ಟೆಯೊಳಗಿನದು. ಆರೋಗ್ಯವಂತ ಕಿವಿ ಶಬ್ದವನ್ನು ಕೇಳುವುದಷ್ಟೇ ಅಲ್ಲ, ಕೇಳಿದ್ದಕ್ಕೆ ಉತ್ತರವಾಗಿ ತಾನೂ ಒಂದು ಕ್ಷೀಣ ದನಿಯನ್ನು ಹೊರಗೆ ಕಳಿಸುತ್ತದೆ. ನಮಗೆ ಅದು ಕೇಳಿಸದು. ಕಿವಿಗೆ ಸಿಕ್ಕಿಸುವ ಪುಟ್ಟ ಮೈಕಿಗೆ ಕೇಳಿಸುತ್ತದೆ. ಆ ದನಿ ಸುತ್ತಲಿನ ಗದ್ದಲಕ್ಕಿಂತ ಆರು ಡೆಸಿಬೆಲ್ ಮೇಲಿದ್ದರೆ ಮಗು ಪಾಸು.

ಆದರೆ ಮೂರು ವಾರದಿಂದ ಪರೀಕ್ಷೆಗೆ ಬಂದ ಮಕ್ಕಳಿಗೆಲ್ಲ ಯಂತ್ರ 'ಮತ್ತೆ ಪರೀಕ್ಷಿಸಿ' ಎನ್ನುತ್ತಿದೆ. ಬಸ್ ಕಂಡಕ್ಟರ್ ಆಗಿರುವ ತಾಯಿಯೊಬ್ಬರು ಮೂರು ತಿಂಗಳ ಮಗಳನ್ನೆತ್ತಿಕೊಂಡು ಎರಡು ಸಲ ಬಂದು ಎರಡು ಸಲವೂ ಉತ್ತರವಿಲ್ಲದೆ ಹೋಗಿದ್ದಾರೆ. ಇಂದು ಹತ್ತು ಗಂಟೆಗೆ ಮತ್ತೆ ಬರುತ್ತಾರೆ. ದೋಷವಿದ್ದರೆ ಚಿಕಿತ್ಸೆ ತಡವಾಗಬಾರದು. ಇಲ್ಲದಿದ್ದರೆ ಆ ತಾಯಿ ಸುಮ್ಮನೆ ನಿದ್ದೆ ಕೆಡಿಸಿಕೊಳ್ಳಬಾರದು.

ತಪ್ಪು ಮಳಿಗೆಯದೇ. ಹೋದ ತಿಂಗಳು ಇದೇ ಬೋರ್ಡಿನ ಸೆರಾಮಿಕ್ ಕೆಪಾಸಿಟರ್ ಬಿರುಕು ಬಿಟ್ಟಿತ್ತು. ವಿದ್ಯುತ್ತಿನ ಏರಿಳಿತವನ್ನು ನುಂಗಿಕೊಳ್ಳುವ, ಸಾಸಿವೆಗಿಂತ ತುಸು ದೊಡ್ಡ ವಸ್ತು. ಮಳಿಗೆಯಲ್ಲಿ ಪಾಲುದಾರನಾದ ತಮ್ಮ ಅದರ ಜಾಗಕ್ಕೆ ಡಬ್ಬಿಯಾಕಾರದ ದೊಡ್ಡ ಕೆಪಾಸಿಟರ್ ಕೂರಿಸಿದ. ಅಕ್ಕ ಆಸಿಲೋಸ್ಕೋಪಿನ ಪರದೆಯಲ್ಲಿ ನಿಧಾನದ ಅಲೆಗಳು ಸಪಾಟಾದದ್ದನ್ನು ಕಂಡು ಸೈ ಎಂದರು.

"ಹತ್ತರ ಜಾಗಕ್ಕೆ ನೂರರದ್ದು ಹಾಕಿದ್ದೆ. ಜಾಸ್ತಿ ಇದ್ರೆ ಒಳ್ಳೇದಲ್ವಾ ಅನ್ಕೊಂಡೆ," ಎನ್ನುತ್ತಾನೆ ಟೀ ತಂದ ತಮ್ಮ.

"ಹೊಟ್ಟೆ ದೊಡ್ಡದಿದ್ರೆ ಎದ್ದು ಬರೋಕೆ ಹೊತ್ತು ಬೇಕಪ್ಪಾ. ಅಷ್ಟರಲ್ಲಿ ಕಳ್ಳ ಓಡಿಹೋಗಿರ್ತಾನೆ," ಎಂದು ಅಕ್ಕ ಅವನ ಹೊಟ್ಟೆಯತ್ತ ನೋಡುತ್ತಾರೆ.

"ನೀನೂ ನೋಡಿ ಸೈ ಅಂದಿದ್ದೆ, ಮರೀಬೇಡ."

"ಮರೆತಿಲ್ಲ. ಅದಕ್ಕೇ ಐದು ಗಂಟೆಗೆ ಎದ್ದಿರೋದು."

ಹಾಸ್ಯದೊಳಗೆ ಭೌತಶಾಸ್ತ್ರವಿದೆ. ಬ್ಯಾಟರಿಯ ವೋಲ್ಟೇಜನ್ನು ಏರಿಸಿಕೊಡುವ ಚಿಪ್ ಸೆಕೆಂಡಿಗೆ ಲಕ್ಷಾಂತರ ಸಲ ತನ್ನನ್ನು ತಾನೇ ಆನ್ ಆಫ್ ಮಾಡಿಕೊಳ್ಳುತ್ತದೆ. ಪ್ರತಿ ಸಲವೂ ವೋಲ್ಟೇಜಿನಲ್ಲಿ ಒಂದು ಚೂಪು ಮುಳ್ಳು ಏಳುತ್ತದೆ. ಅಷ್ಟು ವೇಗದ ಮುಳ್ಳಿಗೆ ಡಬ್ಬಿಯ ಉದ್ದ ಕಾಲುಗಳೇ ಅಡ್ಡಗೋಡೆ. ಅದು ಕೆಪಾಸಿಟರಿನೊಳಗೆ ಹೋಗದೆ ಮೈಕಿನ ಕಡೆ ನುಗ್ಗಿ, ಅಲ್ಲಿ ಲೆಕ್ಕ ಹಾಕುವ ಚಿಪ್ಪಿನಲ್ಲಿ ಕೇಳುವ ಶಬ್ದದ ವೇಷ ತೊಡುತ್ತದೆ.

ಅಕ್ಕ ಪೊಟ್ಟಣಗಳನ್ನು ಬೆಳಕಿಗೆ ಹಿಡಿದು ಆರಿಸುತ್ತಾರೆ. ಸೆರಾಮಿಕ್ಕಿಗೂ ಒಂದು ಚಾಳಿಯಿದೆ: ಮೈಮೇಲೆ ವೋಲ್ಟೇಜ್ ಹೇರಿದಾಗ ಅದರ ಸಾಮರ್ಥ್ಯ ಕುಗ್ಗುತ್ತದೆ. ಪೊಟ್ಟಣದ ಮೇಲೆ ಹತ್ತು ಮೈಕ್ರೋಫ್ಯಾರಡ್ ಎಂದಿದ್ದರೂ ಕೆಲಸಕ್ಕೆ ನಿಂತಾಗ ನಾಲ್ಕೇ ಉಳಿಯಬಹುದು. ಹಾಗಾಗಿ ಅದೇ ಹತ್ತರ ಅಳತೆಯಲ್ಲಿ ಮೈ ತುಸು ದೊಡ್ಡದಿರುವ, ಹೆಚ್ಚು ವೋಲ್ಟೇಜ್ ತಾಳುವ ಜಾತಿಯನ್ನು ತೆಗೆದು, ಚಿಪ್ಪಿನ ಕಾಲಿಗೆ ಅಂಟಿಕೊಂಡಂತೆ ಬೆಸುಗೆ ಹಾಕುತ್ತಾರೆ. ಡಬ್ಬಿ ಹಾಗೇ ಇರಲಿ, ನಿಧಾನದ ಅಲೆಗೆ ಅದೂ ಬೇಕು. ಪರದೆಯಲ್ಲಿ ಎಂಬತ್ತು ಮಿಲಿವೋಲ್ಟಿನ ಮುಳ್ಳು ಆರಕ್ಕಿಳಿಯುತ್ತದೆ.

ಹದಿನೆಂಟು ವರ್ಷ ರೇಡಿಯೊ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದವರು. ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದದ್ದು ಈ ಪಾಕೆಟ್ ರೇಡಿಯೊ. ಈಗ ದಿನಕ್ಕೆ ಹತ್ತು ಹನ್ನೆರಡು ಬೋರ್ಡು ರಿಪೇರಿ. ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿಗೆ ಭೂತಗನ್ನಡಿ ಇದೆ. "ಆಪರೇಷನ್ ಮಾಡಿಸ್ಕೋ ಅಂತಾನೆ ಇವನು. ವಾರ ರಜ ಹಾಕಿದ್ರೆ ಇಲ್ಲಿ ಎಲ್ಲದಕ್ಕೂ ಡಬ್ಬಿ ಕೂರಿಸಿಬಿಡ್ತಾನೆ."

ಬೋರ್ಡನ್ನು ಯಾವಾಗಲೂ ತಮ್ಮನ ಕೈಲಿ ಕಳಿಸುವವರು ಇಂದು ತಾವೇ ಹೋಗುತ್ತಾರೆ. ಹತ್ತೂಕಾಲಿಗೆ ಪರೀಕ್ಷಾ ಕೋಣೆಯಲ್ಲಿ ಮಗು ತಾಯಿಯ ಹೆಗಲ ಮೇಲೆ ನಿದ್ದೆಹೋಗಿದೆ. ಪರೀಕ್ಷಕಿ ಎಡಗಿವಿಗೆ ಮೈಕು ಸಿಕ್ಕಿಸುತ್ತಾರೆ. ಹನ್ನೊಂದು ಡೆಸಿಬೆಲ್. ಪಾಸು. ತಾಯಿ ಉಸಿರು ಬಿಡುತ್ತಾರೆ.

ಬಲಗಿವಿಗೆ ಯಂತ್ರ ಪಾಸು ಎನ್ನುವುದಿಲ್ಲ.

"ಸ್ವಲ್ಪ ತಾಳಿ ಮೇಡಂ, ನನ್ನ ಬೋರ್ಡೇ ಮತ್ತೆ ಕಿತಾಪತಿ ಮಾಡ್ತಿದೆಯಾ ನೋಡ್ಬೇಕು," ಎಂದು ಅಕ್ಕ ಮುಂದೆ ಬರುತ್ತಾರೆ.

"ಅದನ್ನೇ ನೋಡ್ತಿದ್ದೀನಿ ಅಕ್ಕ." ಪರೀಕ್ಷಕಿ ಆಗಲೇ ಮೈಕನ್ನು ಖಾಲಿ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿದ್ದಾರೆ. ಪರದೆಯ ಗದ್ದಲದ ಗೆರೆ ನೆಲ ಹಿಡಿದು ಮಲಗಿದೆ. ಮತ್ತೆ ಬಲಗಿವಿ. ಅದೇ ಫಲಿತಾಂಶ.

"ಅಂದ್ರೆ ಈ ಕಡೆ ಕೇಳ್ಸಲ್ವಾ?" ತಾಯಿಯ ದನಿ ಸಣ್ಣಗಾಗಿದೆ.

"ಹಾಗಂತ ಈಗ್ಲೇ ಹೇಳೋಕಾಗಲ್ಲಮ್ಮ. ಕಿವಿಯಲ್ಲಿ ನೀರಿರಬಹುದು, ಬೇರೆ ಏನಾದ್ರೂ ಇರಬಹುದು. ಇವತ್ತೇ ಡಾಕ್ಟರ್ ನೋಡ್ತಾರೆ," ಎನ್ನುತ್ತಾರೆ ಪರೀಕ್ಷಕಿ.

ತಾಯಿ ಮಗುವಿನ ಟೋಪಿ ಸರಿಮಾಡುತ್ತಾರೆ. "ಎರಡು ಸಲ ಏನೂ ಗೊತ್ತಾಗ್ತಿಲ್ಲ ಅಂತ ಕಳಿಸಿದ್ರಿ. ಅದಕ್ಕಿಂತ ಇದೇ ವಾಸಿ."

ಬಾಗಿಲ ಬಳಿ ಅಕ್ಕ ಮಗುವಿನ ಪಾದವನ್ನೊಮ್ಮೆ ಮುಟ್ಟುತ್ತಾರೆ. "ಬೋರ್ಡು ಸುಮ್ಮನಿದೆಯಮ್ಮ. ಇವತ್ತು ಮಾತಾಡಿದ್ದು ನಿಮ್ಮ ಮಗಳ ಕಿವೀನೇ. ಬೇರೆ ಯಾರೂ ಬಾಯಿ ಹಾಕಿಲ್ಲ."

ಪರೀಕ್ಷಕಿ ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳುತ್ತಾರೆ: ಎಡಗಿವಿ, ಹನ್ನೊಂದು ಡೆಸಿಬೆಲ್, ಬಲಗಿವಿ, ಎರಡು.