ಸೆನೆಟರ್‌ಗೆ ಎಷ್ಟು ವರ್ಷ?

“ಆರು ವರ್ಷ” ಎಂದಳು ಫೋನಿನಲ್ಲಿ ತಂಗಿ. ಅಮೆರಿಕದ ಪೌರತ್ವ ಪರೀಕ್ಷೆಗೆ ಓದುತ್ತಿದ್ದ ಅವಳಿಗೆ, ಸೆನೆಟರ್‌ಗಳ ಅಧಿಕಾರಾವಧಿ ಎಷ್ಟು ಎಂದು ಕೇಳಿದ್ದೆ. ಉತ್ತರ ಸರಿಯಾಗಿಯೇ ಇತ್ತು. ಆದರೂ “ತಪ್ಪು, ಮತ್ತ ಮೊದಲಿಂದ ಶುರು ಮಾಡೋಣು” ಎಂದುಬಿಟ್ಟೆ.

ಅವಳು ಕಾರಿನಲ್ಲಿ ಕೆಲಸಕ್ಕೆ ಹೋಗುವ ಹೊತ್ತಿಗೆ ಇಲ್ಲಿ ಕುವೈತಿನ ಅಬು ಹಲೀಫಾದಲ್ಲಿ ಸಂಜೆ. ನಮ್ಮವರು ರಿಫೈನರಿಯ ಶಿಫ್ಟಿನಲ್ಲಿ, ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಸಂವಿಧಾನ, ಸಂಸತ್ತು, ಸುಪ್ರೀಂ ಕೋರ್ಟ್ ಎಲ್ಲ ಮುಗಿದರೆ ಅವಳು ಫೋನ್ ಇಟ್ಟುಬಿಡುತ್ತಾಳೆ.

“ಅದು ಸರಿ ಐತಿ ಅಂತ ನನಗ ಗೊತ್ತೈತಿ ಅಕ್ಕಾ. ಇರ್ಲಿ, ಮೊದಲಿಂದ ಕೇಳು” ಎಂದಳು.

ಅವಳು ಪಾಸಾಗಿ ತಿಂಗಳಾಯಿತು. ಈಗ ಫೋನು ಭಾನುವಾರಕ್ಕೊಮ್ಮೆ. ನಿನ್ನೆ ಸಂಜೆ ಅದೇ ಹೊತ್ತಿಗೆ ಚಹಾ ಇಟ್ಟುಕೊಂಡು ಕೂತು, ಪ್ರಶ್ನೆಗಳನ್ನೆಲ್ಲ ನಾನೇ ಕೇಳಿ ನಾನೇ ಉತ್ತರಿಸಿದೆ. ಒಂದೂ ತಪ್ಪಲಿಲ್ಲ.