ಘಟ್ಟದ ನೆತ್ತಿಯ ಜಂಡಾ

ಸಗರದ ತಾಯಪ್ಪ ಕೃಷ್ಣೆಯ ಕಾಲುವೆ ಸರ್ವೆಯಲ್ಲಿ ಖಲಾಸಿ. ಎರೆಹೊಲಗಳ ಬಯಲಿನಲ್ಲಿ ಅಳತೆಕೋಲು ಹಿಡಿದು ನಿಲ್ಲುವುದು ಅವನ ಕೆಲಸ. ಹಾಗೆ ನಿಂತ ಹೊಲಗಳಲ್ಲಿ ತಮ್ಮ ಅಂಬ್ರಪ್ಪನದೂ ಒಂದು. ಅದು ಕಾಲುವೆಗೆ ಹೋಯಿತು. ಅಂದಿನಿಂದ ತಮ್ಮ ಅವನೊಡನೆ ಮಾತು ಬಿಟ್ಟ. ಆ ಕಡೆಯ ಅಳತೆ ಮುಗಿಯುತ್ತಲೇ ಸರ್ವೇಯರ್ ಸೂಗಪ್ಪ ತಾಯಪ್ಪನನ್ನು ಕಾರವಾರದ ಮೇಲಿನ ಘಟ್ಟಕ್ಕೆ, ಕಾಡುಗುಡ್ಡಗಳ ನಕ್ಷೆ ತೆಗೆಯಲು ಕರೆದೊಯ್ದ.

ಆ ಸೀಮೆ ಮೊದಲ ದಿನದಿಂದಲೇ ಅವನನ್ನು ಒಲ್ಲೆ ಅಂದಿತು. ಬಿದಿರಿನ ಮುಳ್ಳಿಗೆ ಅಂಗಿ ಹರಿಯಿತು, ಉಂಬಳಗಳು ಕಾಲಿನ ರಕ್ತ ಹೀರಿದವು. ಗುಡ್ಡದಿಂದ ಗುಡ್ಡ ಕಾಣಲು ಮರ ಕಡಿಯಬೇಕು. ಕಡಿಯುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ಏರಿ ಎಲ್ಲ ಮುಚ್ಚುತ್ತಿತ್ತು. ಅಲ್ಲಿನ ಊರವರು ಇನ್ನೂ ಬಿರುಸು. ಅಳೆಯುವವರ ಹಿಂದೆಯೇ ಅಣೆಕಟ್ಟು ಬರುತ್ತದೆ, ಮನೆ ಗದ್ದೆ ಮುಳುಗುತ್ತವೆ ಎಂದು ಅವರಿಗೆ ಖಾತ್ರಿಯಾಗಿತ್ತು. ಸರ್ವೆಯವರು ನೀರು ಸೇದದಂತೆ ಬಾವಿಯ ಹಗ್ಗ ತೆಗೆದಿಟ್ಟರು. ಎದುರು ಗುಡ್ಡದಿಂದ ಗುರಿಯಿಟ್ಟು ಅಳೆಯಲೆಂದು ತಾಯಪ್ಪ ನೆತ್ತಿಯಲ್ಲಿ ನೆಟ್ಟ ಜಂಡಾವನ್ನು, ಆ ಗುರುತಿನ ಬಾವುಟವನ್ನು, ಮತ್ತೆ ಮತ್ತೆ ಕಿತ್ತು ಕಣಿವೆಗೆಸೆದರು.

ಸೂಗಪ್ಪ ಬೈದದ್ದು ತಾಯಪ್ಪನನ್ನು. ಜಂಡಾ ನೆಡದೆ ಮರದಡಿ ಮಲಗಿ ಬರುತ್ತೀ ಎಂದ. ತಾಯಪ್ಪನಿಗೆ ಮೈ ಉರಿಯಿತು. ಈ ಸಲ ಗುಡ್ಡ ಹತ್ತಿ, ಜಂಡಾವನ್ನು ಕೈಯಲ್ಲೇ ಹಿಡಿದು ಬಂಡೆಯ ಮೇಲೆ ನಿಂತ.

ಮಂಜಿನೊಳಗಿಂದ ಬಡಿಗೆ ಹಿಡಿದ ಗಂಡಸರು ಬಂದರು, ಜೊತೆಗೊಬ್ಬ ಮುದುಕಿ. ಇಳಿದು ಹೋಗು ಎಂದರು. ಅವನು ಅಲ್ಲಾಡಲಿಲ್ಲ.

"ನಿಮ್ಮೂರಲ್ಲೂ ಹೀಗೇ ಅಳ್ದಿದ್ರಾ?" ಮುದುಕಿ ಕೇಳಿದಳು.

"ಅಳದಾರ. ನನ್ನ ತಮ್ಮನ ಹೊಲ ಹೋಗೇತಿ."

"ಆದ್ರೂ ಬಂದ್ಯಾ?"

ಅಷ್ಟರಲ್ಲಿ ಗಾಳಿಗೆ ಮಂಜು ಚದುರಿತು. ಕೆಳಗೆ ಸಮುದ್ರ ಕಂಡಿತು, ಎದುರು ಗುಡ್ಡದಲ್ಲಿ ದುರ್ಬೀನಿಗೆ ಕಣ್ಣಿಟ್ಟ ಸೂಗಪ್ಪ ಕಂಡ. ತಾಯಪ್ಪ ಜಂಡಾ ಎತ್ತಿದ. ಬಡಿಗೆ ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. ಸೂಗಪ್ಪನ ಮೇಲಿನ ಸಿಟ್ಟು, ಇವರ ಮೇಲಿನ ಸಿಟ್ಟು ಎರಡೂ ಸೇರಿ, ಇನ್ನೊಂದು ಕೈಯಲ್ಲಿ ಜಂಡಾ ಹಿಡಿದೇ ನಿಂತ.

ಅವನು ಕೆಳಗಿಳಿದಾಗ ಸೂಗಪ್ಪ ಅಳತೆ ಸಿಕ್ಕಿತೆಂದು ಹಿಗ್ಗುತ್ತಿದ್ದ. ಕೈ ನೋಡಿದ್ದು ಆಮೇಲೆ. ಎಲುಬು ಸೊಟ್ಟಗೆ ಕೂಡಿತು, ಕೋಲು ಹಿಡಿಯಲು ಬೇರೆಯವನು ಬಂದ.

ಸಗರಕ್ಕೆ ಮರಳಿದ ಗಂಡನ ಕೈ ನೋಡಿ ಮೋನಮ್ಮ ಆ ಘಟ್ಟದವರಿಗೆ ಹಿಡಿಶಾಪ ಹಾಕಿದಳು.

"ಅವ್ರನ್ನ ಬೈಬ್ಯಾಡ," ಎಂದ ತಾಯಪ್ಪ. "ಅವ್ರು ತಮ್ಮ ಹೊಲ ಕಾಯ್ದಾರ."

ಸುದ್ದಿ ಅಂಬ್ರಪ್ಪನಿಗೂ ಮುಟ್ಟಿತು. ಆ ಬಡಿಗೆ ತನ್ನ ಕೈಯಾಗ ಇರಬೇಕಿತ್ತು ಎಂದು ಚಹಾದಂಗಡಿಯಲ್ಲಿ ಹೇಳಿದನಂತೆ. ಕಾಲುವೆಗೆ ನೀರು ಬಂದ ವರ್ಷವೂ ಅಣ್ಣತಮ್ಮಂದಿರು ಎದುರಾದಾಗ ಮುಖ ತಿರುಗಿಸಿಯೇ ಹೋದರು.