ಗೋರಖನಾಥ ರೊಟ್ಟಿ ಕಲಿತದ್ದು

ಎಪ್ಪತ್ತೆರಡರ ಬರದಲ್ಲಿ ಹಲಬರ್ಗಾದ ಗೋರಖನಾಥ ಹೆಂಡತಿ ಅಂಜನಾಬಾಯಿಯನ್ನು ಕರೆದುಕೊಂಡು ನೌಬಾದಿಗೆ ರಸ್ತೆಯ ಖಡಿ ಕಲ್ಲು ಒಡೆಯುವ ಕೆಲಸಕ್ಕೆ ಬಂದ. ಊರೂರಿಂದ ಬಂದವರು ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಹಗಲೆಲ್ಲ ಜೊತೆಗೆ ಕಲ್ಲು ಒಡೆದರೂ ಸಂಜೆಗೆ ಅವರವರ ಒಲೆ ಅವರವರಿಗೆ.

ಒಂದು ದಿನ ಕಲ್ಲು ಉರುಳಿ ಅಂಜನಾಬಾಯಿಯ ಬಲ ಮುಂಗೈ ಮುರಿಯಿತು. ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಬಂದವಳು ಎಡಗೈಯಿಂದಲೇ ಹಿಟ್ಟು ಕಲಸಲು ಕುಳಿತಳು. ಗೋರಖನಾಥ ಹಿಟ್ಟಿನ ಪರಾತವನ್ನು ತನ್ನತ್ತ ಎಳೆದುಕೊಂಡ. ಅವನು ಹುಟ್ಟಿದಾಗಿನಿಂದ ರೊಟ್ಟಿ ಬಡಿದವನಲ್ಲ. ರೇಶನ್ನಿನ ಕೆಂಪು ಜೋಳದ ಹಿಟ್ಟಿಗೆ ಮೊದಲೇ ಜಿಗುಟಿಲ್ಲ. ಎತ್ತಿದರೆ ಅರ್ಧ ಕೈಯಲ್ಲಿ, ಅರ್ಧ ಬೂದಿಯಲ್ಲಿ. ಸುತ್ತಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ನಗದವಳು ಸಂತಪುರದ ಮುದುಕಿ ಅನುಸೂಯಾಬಾಯಿ ಒಬ್ಬಳೇ. ಗಂಡ ತೀರಿದ ಮೇಲೆ ಒಂಟಿಯಾಗಿ ದುಡಿಯಲು ಬಂದಿದ್ದ ಆಕೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮರುದಿನವೂ ರೊಟ್ಟಿ ಮುರಿದಾಗ ಎದ್ದು ಬಂದು ಅವನ ಪಕ್ಕ ಕುಳಿತಳು.

"ತಣ್ಣೀರಾಗ ನಾದಿದ್ರ ರೊಟ್ಟಿ ಹ್ಯಾಂಗ ನಿಲ್ತದೋ ತಮ್ಮಾ? ನೀರು ಕುದಿಸು."

"ನೀವೇ ಬಡಿದು ಕೊಡ್ರಿ ಆಯಿ."

"ನಾ ಬಡಿದ್ರ ನೀ ಯಾವಾಗ ಕಲೀತಿ?"

ಅವನ ಕೈಯ ಮೇಲೆ ತನ್ನ ಕೈ ಇಟ್ಟು ಹಿಟ್ಟು ತಿರುಗಿಸುವುದನ್ನು ತೋರಿಸಿದಳು. ರೊಟ್ಟಿ ದುಂಡಗಾಗಲಿಲ್ಲ, ಆದರೆ ಒಡೆಯಲೂ ಇಲ್ಲ. ಹೊರಟವಳನ್ನು ಅಂಜನಾಬಾಯಿ ತಡೆದಳು.

"ನೀವು ಏನು ಅಡಗಿ ಮಾಡೀರಿ ಆಯಿ?"

"ಅಂಬಲಿ. ಒಬ್ಬಾಕಿಗೆ ರೊಟ್ಟಿ ಯಾಕ ಬಡೀಬೇಕವ್ವಾ?"

ಅಂಜನಾಬಾಯಿ ಆಕೆಯ ಮುಂದೆ ತಾಟು ಇಟ್ಟಳು. ಅಷ್ಟರಲ್ಲಿ ಬದಿಯ ಗುಡಿಸಲಿನ ಇಮಾಮಬೀ ಖಾರದ ಚಟ್ನಿ ತಂದು ಸ್ವಲ್ಪ ದೂರದಲ್ಲೇ ನಿಂತಳು.

"ನಮ್ಮ ಚಟ್ನಿ ನಡೀತದೇನ್ರಿ?"

"ಈ ರೊಟ್ಟಿ ಗಂಟಲಾಗ ಇಳೀಬೇಕಂದ್ರ ನಿಮ್ಮ ಚಟ್ನಿ ಬೇಕೇ ಬೇಕ್ರಿ," ಅಂದ ಗೋರಖನಾಥ.

ಆಗ ಅನುಸೂಯಾಬಾಯಿ ನಕ್ಕಳು. ಆಕೆ ನಕ್ಕದ್ದನ್ನು ಅಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ.

ಕಟ್ಟಿಗೆಗೂ ಕಷ್ಟವಿದ್ದ ಕಾಲ. ಅಂದಿನಿಂದ ಮೂರು ಮನೆಯವರದೂ ಒಂದೇ ಒಲೆ. ಹಿಟ್ಟು, ಕಟ್ಟಿಗೆ ಇದ್ದವರು ಹಾಕಿದರು, ಇಲ್ಲದ ದಿನ ಬರಿಗೈಯಲ್ಲಿ ಬಂದು ಕುಳಿತರು.

ಮಳೆ ಬಂದ ಮೇಲೆ ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರು. ಅಂಜನಾಬಾಯಿಯ ಕೈ ಮತ್ತೆ ನೆಟ್ಟಗಾಗಲಿಲ್ಲ, ಗೋರಖನಾಥ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ಹೆಂಗಸರ ಕೆಲಸವೆಂದು ಚುಡಾಯಿಸಿದವರಿಗೆ, "ಮೊದಲು ಉಣ್ಣಾಕ ಕೂಡ್ರಿ," ಅನ್ನುತ್ತಿದ್ದ. ಉಂಡವರು ಮತ್ತೆ ಆ ಮಾತು ತೆಗೆಯುತ್ತಿರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಗಂಡ ಹೆಂಡತಿ ಸಂತಪುರಕ್ಕೆ ಹೋಗಿ ಅನುಸೂಯಾಬಾಯಿಯನ್ನು ಹಲಬರ್ಗಾಕ್ಕೇ ಕರೆತಂದರು. ಹಲ್ಲುಗಳೆಲ್ಲ ಬಿದ್ದಿದ್ದ ಆಕೆಗೆ ಗೋರಖನಾಥ ದಿನವೂ ಬಿಸಿರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದ. ಆಕೆ ಉಂಡು ಕೈ ತೊಳೆದ ಮೇಲೆಯೇ ತನ್ನ ತಾಟು ಎಳೆದುಕೊಳ್ಳುತ್ತಿದ್ದ.